ಆಳದ ಮೀನಿಗೆ ಎಷ್ಟು ವರ್ಷದ ಬಂದ್ ಬೇಕು?

(ಕೊಪ್ಪಳದಾಗ ಕಾಲೇಜು ಹುಡುಗ್ರು ಮತ್ತು ಊರಿನ ಮಂದಿ ಮುಂದ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರ್ಕೊಂಡಿದ್ದು.)

ಆಳಸಮುದ್ರದ ಮೀನು ಹಿಡಿಯೋದನ್ನ ಬಂದ್ ಮಾಡೋ ವಿಷಯದ ಮ್ಯಾಲೆ ಮಾತಾಡ್ತೀನಿ ಅಂದಾಗ ನಮ್ಮ ಜೋಡಿ ಪಾಠ ಮಾಡೋ ಮೇಷ್ಟ್ರೊಬ್ರು ಕೇಳಿದ್ರು, "ಅಲ್ರಿ ಸರ, ಸಮುದ್ರ ನೋಡಬೇಕಂದ್ರ ನಾವು ರಾತ್ರಿ ಬಸ್ ಹತ್ತಬೇಕು, ಕೊಪ್ಪಳದಾಗ ನಿಂತು ಆಳಸಮುದ್ರದ ಮೀನಿನ ಕಥಿ ಯಾರಿಗೆ ಹೇಳ್ತೀರಿ?" ಅವ್ರು ಕೇಳಿದ್ದು ಸರಿನ ಐತಿ. ಆದ್ರ ನನಗ ಅನ್ನಿಸ್ತೈತಿ, ಈ ಮಾತು ಕೇಳಾಕ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮಂದಿಗಿಂತ ತಿಳಿದವ್ರು ಎಲ್ಲೂ ಸಿಗಂಗಿಲ್ಲ ಅಂತ. ಯಾಕಂದ್ರ ಒಂದ ಒಂದು ಆದೇಶದಿಂದ ಇಡೀ ಸೀಮಿಯ ದುಡಿಮಿ ನಿಂತ್ರ ಏನಾಗ್ತೈತಿ ಅನ್ನೋದನ್ನ ನಾವು ಕಣ್ಣಾರೆ ನೋಡೀವಿ. 2011ರ ಜುಲೈ 29ಕ್ಕ ಸುಪ್ರೀಂ ಕೋರ್ಟು ಬಳ್ಳಾರಿ ಕಡೆ ಕಬ್ಬಿಣದ ಅದಿರು ತೆಗಿಯೋದನ್ನ ನಿಲ್ಲಿಸ್ತು, ಮುಂದಿನ ತಿಂಗಳ ಚಿತ್ರದುರ್ಗ, ತುಮಕೂರಿಗೂ ಅದ ಆದೇಶ ಬಂತು. ಇಲ್ಲಿ ಕುಂತ ಹುಡುಗ್ರಿಗೆ ಅವಾಗ ಐದಾರು ವರ್ಷ ಇರಬೇಕು, ನಿಮ್ಮ ಅಪ್ಪ ಅವ್ವಗ ಕೇಳ್ರಿ, ಚಲೋ ನೆನಪಿರ್ತೈತಿ. ಆ ಕಥಿಗೆ ಆಮ್ಯಾಲೆ ಬರ್ತೀನಿ.

ಮೊದಲು ಒಂದು ಶಬ್ದದ ಗೊಂದಲ ಬಿಡಿಸ್ಕೊಳ್ಳೋಣು. ಮಲ್ಪೆ, ಮಂಗಳೂರಿನಾಗ "ಆಳಸಮುದ್ರ ಬೋಟು" ಅಂದ್ರ ಹತ್ತು ದಿನಕ್ಕಾಗೋಷ್ಟು ಡೀಸೆಲ್, ಐಸು, ಅಕ್ಕಿ ತುಂಬ್ಕೊಂಡು ದೂರ ಹೋಗಿ ಬಲೆ ಎಳಿಯೋ ಟ್ರಾಲ್ ಬೋಟು. ಅವ್ರು ದೂರ ಹೋಗ್ತಾರ ಖರೆ, ಆದ್ರ ಬಹಳ ಸಲ ಅವರ ಬಲೆ ಬೀಳೋದು ನೂರು, ಹೆಚ್ಚಂದ್ರ ಇನ್ನೂರು ಮೀಟರ್ ನೀರಾಗ. ನಾನು ಇವತ್ತು ಹೇಳೋದು ಅದರ ಆಚಿಗಿನ ನೀರಿಂದು, ಸಮುದ್ರದ ತಳ ಒಮ್ಮಿಗೇ ಕೆಳಗ ಇಳಿಯೋ ಜಾಗದ್ದು, 400 ಮೀಟರ್, 800 ಮೀಟರ್, ಸಾವಿರದ ಮ್ಯಾಲೆ. ಅಲ್ಲಿ ಬಿಸಿಲು ಮುಟ್ಟಂಗಿಲ್ಲ, ನೀರು ಫ್ರಿಜ್‌ನಂಗ ತಣ್ಣಗ, ಪ್ರತಿ ಹತ್ತು ಮೀಟರ್ ಇಳಿದಂಗ ನಮ್ಮ ತಲಿಮ್ಯಾಲಿನ ಗಾಳಿ ಎಷ್ಟು ಒತ್ತತೈತೋ ಅಷ್ಟು ಒತ್ತಡ ಕೂಡ್ತಾ ಹೋಗ್ತೈತಿ, ಅಂದ್ರ ಸಾವಿರ ಮೀಟರ್‌ನಾಗ ಅದು ನೂರು ಪಟ್ಟು. ಊಟ ಅಂದ್ರ ಬಹಳ ಮಟ್ಟಿಗೆ ಮ್ಯಾಲಿಂದ ಉದುರಿ ಬಂದದ್ದ. ಹಿಂಗ ಇರೋ ಜಾಗದಾಗ ಜೀವ ಅವಸರ ಮಾಡಂಗಿಲ್ಲ. ನಿಧಾನ ಬೆಳಿತೈತಿ, ನಿಧಾನ ವಯಸ್ಸಿಗೆ ಬರ್ತೈತಿ, ನಿಧಾನ ಮುಪ್ಪಾಗ್ತೈತಿ. ಇವತ್ತು ನಾನು ಹೇಳೋದೆಲ್ಲಾ ಈ ಒಂದು ನಿಧಾನದಾಗ ಐತಿ.

ಈಗ ಒಂದು ಸಣ್ಣ ಡಬ್ಬಿ ಕಳಿಸ್ತೀನಿ, ಮುಂದಿನ ಸಾಲಿನವ್ರು ನೋಡಿ ಹಿಂದ ಕೊಡ್ರಿ, ಕೆಡವಬ್ಯಾಡ್ರಿ. ಹತ್ತಿಯೊಳಗ ಒಂದು ಬಿಳಿ ಕಲ್ಲು ಐತಿ, ಅವರಿಕಾಳಿನಷ್ಟು. ಮೊನ್ನೆ ಹೊಸಪೇಟೆ ಮಾರ್ಕೆಟ್‌ನಾಗ ಕರಾವಳಿಯಿಂದ ಐಸಿನಾಗ ಬಂದ ಮೀನು ತಗೊಂಡೆ, ಕರಾವಳಿಯವ್ರು ಕಲ್ಲೂರು ಅಂತಾರ, ಅದರ ತಲಿ ಸೀಳಿ ತೆಗೆದದ್ದು. ಒಂದು ಬದಿ ಉಬ್ಬು, ಗಂಟು ಗಂಟು ಐತಿ, ತಿರುವಿ ನೋಡಿದ್ರ ಇನ್ನೊಂದು ಬದಿಗೆ ಗೊದಮೊಟ್ಟಿ ಆಕಾರದ ಒಂದು ಗೆರಿ ಕಾಣ್ತೈತಿ, ತಲಿ ದಪ್ಪ, ಬಾಲ ಸಣ್ಣ. ಇದಕ್ಕ ಕಿವಿಗಲ್ಲು ಅಂತೀವಿ. ಮೀನಿನ ಮಿದುಳಿನ ಸನೇಕ ಎರಡೂ ಬದಿಗೆ ಇರ್ತಾವ, ಮೀನಿಗೆ ಸಪ್ಪಳ ತಿಳಿಯಾಕ, ಮೈ ಸಮತೋಲ ಇಟ್ಕೊಳ್ಳಾಕ ಬೇಕು. ಮೀನು ಹುಟ್ಟಿದಾಗಿಂದ ಸಾಯೋತನಕ ಈ ಕಲ್ಲಿನ ಮ್ಯಾಲೆ ಪದರು ಪದರಾಗಿ ಸುಣ್ಣ ಕೂಡ್ತಾನ ಇರ್ತೈತಿ, ಗಿಡದ ಬೊಡ್ಡಿಯೊಳಗ ವರ್ಷಕ್ಕೊಂದು ಉಂಗುರ ಬಿದ್ದಂಗ. ನಮ್ಮ ಬಿಸಿ ಸಮುದ್ರದ ಮೀನಿನಾಗ ಆ ಉಂಗುರ ಸ್ಪಷ್ಟ ಕಾಣಂಗಿಲ್ಲ, ಅಲ್ಲಿ ಬೇಸಿಗಿ ಚಳಿಗಾಲದ ಫರಕು ಕಡಿಮಿ. ತಣ್ಣೀರಿನ ಮೀನಿನಾಗ ಚಲೋ ಕಾಣ್ತಾವ. ಕಲ್ಲನ್ನ ತೆಳ್ಳಗ ಕೊಯ್ದು ಸೂಕ್ಷ್ಮದರ್ಶಕದ ಕೆಳಗ ಇಟ್ಟು ಎಣಿಸೋದು, ಅಷ್ಟ.

ಹಿಂಗ ಎಣಿಸಿದಾಗ ಎಲ್ಲಾರಿಗೂ ದಿಗಿಲು ಹುಟ್ಟಿಸಿದ ಮೀನು ಒಂದೈತಿ, ಆರೆಂಜ್ ರಫಿ. ಕೆಂಪು ಇಟ್ಟಂಗಿ ಬಣ್ಣ, ದೊಡ್ಡ ತಲಿ, ಹೆಚ್ಚು ಕಡಿಮಿ ಒಂದು ಗೇಣು ಒಂದೂವರಿ ಗೇಣು ಉದ್ದ, ತೂಕ ಬಹಳ ಮಾಡಿ ಒಂದೆರಡು ಕೆಜಿ. ನೋಡಿದ್ರ ನಮ್ಮ ಡ್ಯಾಂನ ಎರಡು ವರ್ಷದ ಕಾಟ್ಲಾದಷ್ಟೂ ಇಲ್ಲ. ಉಂಗುರ ಎಣಿಸಿದವ್ರು ನೂರಕ್ಕೂ ಹೆಚ್ಚು ಅಂದಾಗ ಹಲವರು ನಂಬಲಿಲ್ಲ, ವರ್ಷಕ್ಕ ಒಂದ ಉಂಗುರ ಬೀಳ್ತೈತಿ ಅಂತ ಏನು ಗ್ಯಾರಂಟಿ ಅಂತ ಜಗಳ ಆತು. 1991ರಾಗ ಆಸ್ಟ್ರೇಲಿಯಾದ ವಿಜ್ಞಾನಿಗಳು ಬ್ಯಾರೆ ದಾರಿ ಹಿಡಿದ್ರು. ಕಿವಿಗಲ್ಲು ಬೆಳಿವಾಗ ನೀರಿನೊಳಗಿನ ರೇಡಿಯಂ ಒಂದಿಷ್ಟು ಅದರಾಗ ಸೇರ್ಕೊಂತೈತಿ, ಆ ರೇಡಿಯಂ ತನ್ನದ ಲೆಕ್ಕದಾಗ ಸೀಸ ಆಗ್ತಾ ಹೋಗ್ತೈತಿ, ಯಾರಿಂದಲೂ ಆ ಲೆಕ್ಕ ತಪ್ಪಿಸಾಕ ಆಗಂಗಿಲ್ಲ. ಎರಡರ ಪ್ರಮಾಣ ಅಳದು ನೋಡಿದ್ರ ಉಂಗುರದ ಎಣಿಕಿನ ಸರಿ ಇತ್ತು. ಈ ಮೀನು ನೂರು ವರ್ಷ ದಾಟ್ತೈತಿ, ಕೆಲವು 200ರ ಗಡಿನೂ ದಾಟ್ಯಾವ. ಮೊದಲ ಸಲ ತತ್ತಿ ಇಡೋದು ಹೆಚ್ಚು ಕಡಿಮಿ 25-30 ವರ್ಷಕ್ಕ. ಅದೂ ಒಂದು ಹೆಣ್ಣು ಸಾವಿರದ ಲೆಕ್ಕದಾಗ ತತ್ತಿ ಇಡ್ತೈತಿ, ಉತ್ತರ ಅಟ್ಲಾಂಟಿಕ್ ಸಮುದ್ರದ ಕಾಡ್ ಅನ್ನೋ ಮೀನಿನಂಗ ಹತ್ತಾರು ಲಕ್ಷ ಇಡಂಗಿಲ್ಲ.

ಒಂದು ಲೆಕ್ಕ ಮಾಡ್ರಿ. 1990ರಾಗ ಬಲೆಗೆ ಬಿದ್ದ ಒಂದು ಮೀನಿಗೆ 150 ವರ್ಷ ಆಗಿತ್ತು ಅಂತ ಇಟ್ಕೊಳ್ರಿ. ಅದು ಹುಟ್ಟಿದ್ದು 1840ರಾಗ. ನಮ್ಮ ಸೀಮಿನ ಹಿಂಡಿ ಹಾಕಿದ 1876-78ರ ಬರದಾಗ ಅದು ಆಗಲೇ ತತ್ತಿ ಇಡೋ ವಯಸ್ಸಿಂದು. 1953ರಾಗ ತುಂಗಭದ್ರಾ ಡ್ಯಾಂನಾಗ ನೀರು ನಿಂತಾಗ ಅದಕ್ಕ ನೂರಾ ಹದಿಮೂರು. ಅಂಥದ್ದನ್ನ ಕಟ್ ಮಾಡಿ, ಚರ್ಮ ಸುಲಿದು, ಪ್ಯಾಕ್ ಮಾಡಿ ಅಮೆರಿಕಾದ ಸೂಪರ್‌ಮಾರ್ಕೆಟ್‌ನಾಗ ಇಟ್ರು, ಕೊಂಡವ್ರಿಗೆ ಅದರ ವಯಸ್ಸು ಗೊತ್ತಿರಲಿಲ್ಲ, ಹಿಡಿದವ್ರಿಗೂ ಗೊತ್ತಿರಲಿಲ್ಲ. ಈ ಜಾತಿ ಮೀನಿಗೆ ಮೊದಲು ಇಂಗ್ಲಿಷ್‌ನಾಗ ಸ್ಲೈಮ್‌ಹೆಡ್ ಅಂತಿದ್ರು, ಲೋಳಿ ತಲಿ ಅಂದಂಗ. ಆ ಹೆಸರಿನ ಮೀನು ಯಾರು ತಿಂತಾರ? 1970ರ ದಶಕದಾಗ ಹೆಸರು ಬದಲಾತು, ಮಾರಾಟ ಎದ್ದು ನಿಂತಿತು.

ನ್ಯೂಜಿಲೆಂಡಿನ ಚಾಥಮ್ ರೈಸ್ ಅನ್ನೋ ಕಡೆ 1970ರ ದಶಕದ ಕೊನಿಗೆ ಶುರುವಾತು. ಆಮ್ಯಾಲೆ ಆಸ್ಟ್ರೇಲಿಯಾ, ಟಾಸ್ಮೇನಿಯಾದ ಪೂರ್ವಕ್ಕ ನೀರಿನ ಕೆಳಗ ಒಂದು ಗುಡ್ಡ ಐತಿ, ಸೇಂಟ್ ಹೆಲೆನ್ಸ್ ಹಿಲ್ ಅಂತ, 1989ರಾಗ ಅಲ್ಲಿ ಈ ಮೀನು ತತ್ತಿ ಇಡಾಕ ಗುಂಪುಗೂಡೋದು ಕಂಡ್ರು. ಜಾತ್ರಿಗೆ ಸುತ್ತಲ ಹಳ್ಳಿ ಮಂದಿ ಎಲ್ಲಾ ಒಂದ ಜಾಗಕ್ಕ ಬಂದಂಗ, ಎಲ್ಲೆಲ್ಲಿಂದಲೋ ಬಂದು ಆ ಗುಡ್ಡದ ಮ್ಯಾಲೆ ಮುತ್ತಿಗಿ ಹಾಕ್ತಾವ. ಬಲೆ ಬಿಟ್ಟು ಕೆಲವ ನಿಮಿಷ ಎಳದ್ರ ಹತ್ತಾರು ಟನ್. 1990ರಾಗ ಜಗತ್ತಿನಾಗೆಲ್ಲಾ ಸೇರಿ ಹಿಡಿದ ಆರೆಂಜ್ ರಫಿ 90 ಸಾವಿರ ಟನ್ ದಾಟಿತ್ತು, ಹತ್ತು ವರ್ಷ ತುಂಬೋದ್ರೊಳಗ ಅದರ ಮೂರನೇ ಒಂದು ಭಾಗನೂ ಸಿಗಲಿಲ್ಲ.

ಇಲ್ಲಿ ಒಂದು ಪ್ರಶ್ನಿ ಬರ್ತೈತಿ. ಮೀನು ಕಡಿಮಿ ಆಗೋದು ಹಿಡಿಯೋರಿಗೆ ಮೊದಲ ತಿಳಿಯಂಗಿಲ್ಲೇನು? ಬಲೆ ಹಗುರ ಆಗ್ಲಿಕ್ಕೆ ಬೇಕಲ್ಲ? ಇದಕ್ಕ ಉತ್ತರ ನಮ್ಮ ಡ್ಯಾಂನಾಗ ಐತಿ. ಮೇ ತಿಂಗಳದಾಗ ಹಿನ್ನೀರು ಇಳಿದು ಇಳಿದು ಕೊನಿಗೆ ನಡುವ ಒಂದಿಷ್ಟು ನೀರು ಉಳಿತೈತಿ, ಸುತ್ತ ನೆಲ ಬಿರುಕು ಬಿಟ್ಟು ದನ ಮೇಯಾಕ ಹತ್ತಿರ್ತಾವ. ಅವಾಗ ಬಲೆ ಹಾಕಿದವ್ರಿಗೆ ಕೇಳ್ರಿ, ವರ್ಷದಾಗ ಅಷ್ಟು ಮೀನು ಯಾವಾಗಲೂ ಬೀಳಂಗಿಲ್ಲ ಅಂತಾರ. ಡ್ಯಾಂನಾಗ ಮೀನು ಹೆಚ್ಚಾಗಿದ್ದಕ್ಕ ಬಿದ್ದದ್ದಲ್ಲ, ಇದ್ದಬದ್ದವೆಲ್ಲಾ ಒಂದ ಕಡೆ ಕೂಡ್ಯಾವ ಅಂತ ಬಿದ್ದದ್ದು. ಗುಡ್ಡದ ಮ್ಯಾಲೆ ಕೂಡೋ ಮೀನಿಂದೂ ಅದ ಕಥಿ. ಹತ್ತು ಭಾಗದಾಗ ಏಳು ಭಾಗ ಮುಗಿದಿರ್ತೈತಿ, ಉಳಿದ ಮೂರು ಭಾಗ ಅದ ಜಾಗಕ್ಕ ಅದ ತಿಂಗಳಿಗೆ ಬರ್ತೈತಿ, ಬಲೆ ತುಂಬ್ತೈತಿ, ಕ್ಯಾಪ್ಟನ್‌ಗೆ ಎಲ್ಲಾ ಚಲೋ ಐತಿ ಅನ್ನಿಸ್ತೈತಿ. ಮತ್ತ ಒಂದು ಗುಡ್ಡ ಖಾಲಿ ಆದ್ರ ಮುಂದಿನ ಗುಡ್ಡಕ್ಕ ಹೋಗ್ತಾರ, ಒಟ್ಟು ಲೆಕ್ಕ ಮಾತ್ರ ಭರ್ತಿ ಕಾಣ್ತೈತಿ.

ನಮ್ಮ ರೈತರು ದಿನಾ ಬೆಳಗ್ಗೆ ಪೇಪರ್ ತೆಗೆದು ಮೊದಲು ನೋಡೋದೇನು? ಡ್ಯಾಂನ ಒಳಹರಿವು ಎಷ್ಟು, ಹೊರಹರಿವು ಎಷ್ಟು. ಎರಡೂ ಗೊತ್ತಿದ್ರ ಎರಡನೇ ಬೆಳಿಗೆ ನೀರು ಸಿಗ್ತೈತೋ ಇಲ್ಲೋ ಲೆಕ್ಕ ಹಾಕ್ತಾರ. ಆಳದ ಮೀನಿನ ವಿಷಯದಾಗ ಹೊರಹರಿವು ಟನ್ ಲೆಕ್ಕದಾಗ ಗೊತ್ತಿತ್ತು, ಒಳಹರಿವು, ಅಂದ್ರ ವರ್ಷಕ್ಕ ಎಷ್ಟು ಹೊಸ ಮೀನು ವಯಸ್ಸಿಗೆ ಬರ್ತಾವ ಅನ್ನೋದು ಯಾರಿಗೂ ತಿಳಿದಿರಲಿಲ್ಲ. ಗೇಟ್ ಮಾತ್ರ ಪೂರಾ ತೆಗದಿಟ್ರು.

ನೀವು ಕೇಳಬಹುದು, ಪೂರಾ ಬಂದ್ ಯಾಕ ಮಾಡ್ಬೇಕ್ರಿ, ಬಲೆಯ ಕಣ್ಣು ದೊಡ್ಡದು ಮಾಡ್ರಿ, ಸಣ್ಣ ಮೀನು ಬಿದ್ರ ವಾಪಸ್ ನೀರಿಗೆ ಬಿಡ್ರಿ ಅಂತ. ದಂಡಿ ಸನೇಕ ಈ ಉಪಾಯ ನಡೀತೈತಿ, ನಾನೂ ಅದನ್ನ ಮೆಚ್ತೀನಿ. ಆಳದಾಗ ನಡಿಯಂಗಿಲ್ಲ. ಸಾವಿರ ಮೀಟರ್ ಕೆಳಗಿಂದ ನೂರು ಪಟ್ಟು ಒತ್ತಡದಾಗಿದ್ದ ಮೀನನ್ನ ಮ್ಯಾಲೆ ಎಳೆದು ತಂದಾಗ, ಹೊಟ್ಟಿಯೊಳಗ ಗಾಳಿ ಚೀಲ ಇದ್ದವು ಉಬ್ಬಿ ಒಡಿತಾವ, ಕಣ್ಣು ಹೊರಗ ಬರ್ತಾವ, ಗಾಳಿ ಚೀಲ ಇಲ್ಲದವು ಬಲೆಯೊಳಗ ತಿಕ್ಕಾಡಿ ಚರ್ಮ ಸುಲಿದು, ಬಿಸಿ ನೀರು ತಾಗಿ ಸಾಯ್ತಾವ. ವಾಪಸ್ ಒಗದ್ರ ಹೆಣ ಒಗದಂಗ. ಮತ್ತ ತಳಕ್ಕ ಹತ್ತಿ ಎಳಿಯೋ ಟ್ರಾಲ್ ಬಲೆಗೆ ಭಾರಿ ಕಬ್ಬಿಣದ ಗಾಲಿ, ಉಕ್ಕಿನ ಬಾಗಿಲು ಕಟ್ಟಿರ್ತಾರ, ಅದು ಗುಡ್ಡದ ಮ್ಯಾಲೆ ಹಾದ್ರ ಹವಳ ಎಲ್ಲಾ ಕಿತ್ತು ಬರ್ತೈತಿ. ಹವಳ ಅಂದ್ರ ಬಿಸಿಲಿನ ಸಮುದ್ರದ್ದಷ್ಟ ಅಲ್ರಿ, ಆಳದ ಕತ್ತಲಿಯೊಳಗೂ ಹವಳ ಅದಾವ. ಹವಾಯಿ ದ್ವೀಪದ ಹತ್ರ ಆಳದಾಗ ಸಿಕ್ಕ ಒಂದು ಕಪ್ಪು ಹವಳಕ್ಕ ನಾಕು ಸಾವಿರ ವರ್ಷದ ಮ್ಯಾಲೆ ವಯಸ್ಸಾಗಿತ್ತು. ಹಂಪಿ ಕಟ್ಟೋದಕ್ಕಿಂತ ಎಷ್ಟು ಮೊದಲು ಅಂತ ನೀವ ಲೆಕ್ಕ ಹಾಕ್ರಿ. ಟಾಸ್ಮೇನಿಯಾ ಕಡೆ ಟ್ರಾಲ್ ನಿಂತು ಹತ್ತು ವರ್ಷದ ಹತ್ರ ಆದ ಮ್ಯಾಲೆ ಕ್ಯಾಮೆರಾ ಇಳಿಸಿ ನೋಡಿದ್ರ ಆ ಗುಡ್ಡಗಳ ಮ್ಯಾಲೆ ಹವಳ ವಾಪಸ್ ಬರೋ ಸುಳಿವ ಕಾಣಲಿಲ್ಲ. ಅದಕ್ಕ ನಾನು ಅನ್ನೋದು, ಇಷ್ಟು ಆಳದ ಕೆಳಗ ಬಲೆ ಇಳಿಸಬಾರದು ಅಂತ ಒಂದು ಗೆರಿ ಎಳಿಯೋದು ಬಿಟ್ರ ಬ್ಯಾರೆ ದಾರಿ ಇಲ್ಲ.

ನಮ್ಮ ಕಡೆ ಬಂದ್ ಇಲ್ಲ ಅಂತಲ್ಲ. ವರ್ಷಾ ಜೂನ್ 1ರಿಂದ ಜುಲೈ 31ರತನಕ ಪಶ್ಚಿಮ ಕರಾವಳಿಯೊಳಗ ಮೆಕನೈಸ್ಡ್ ಬೋಟು ಇಳಿಯಂಗಿಲ್ಲ, 61 ದಿನ. ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14. ಇದರ ಬಗ್ಗೆ ಒಂದು ನೆನಪು ಹೇಳ್ತೀನಿ, ಸ್ವಲ್ಪ ದಾರಿ ತಪ್ಪಿದಂಗ ಆದ್ರೂ ಕೇಳ್ರಿ. ಒಂದು ಜೂನ್‌ನಾಗ ಹುಬ್ಬಳ್ಳಿಯಿಂದ ಬರೋ ಬಸ್ಸಿನಾಗ ಕುಷ್ಟಗಿ ಕಡೆ ಹುಡುಗನೊಬ್ಬ ನನ್ನ ಬಾಜು ಕುಂತಿದ್ದ, ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಮಲ್ಪೆಯಾಗ ದುಡಿತಿದ್ದ. ನಮ್ಮ ಸೀಮಿಯಿಂದ ಅಲ್ಲಿಗೆ ದುಡಿಯಾಕ ಹೋಗೋ ಮಂದಿ ಕಡಿಮಿ ಇಲ್ಲ, ನಿಮಗ ಗೊತ್ತೈತಿ. ಅಂವನ ಬೆರಳ ಸಂದಿಯೊಳಗ ನೈಲಾನ್ ದಾರ ಕೊಯ್ದ ಗೆರಿ ಸಾಲಾಗಿ ಇದ್ವು, ಐಸು ಹೊತ್ತು ಹೊತ್ತು ಭುಜದ ಮ್ಯಾಲಿನ ಚರ್ಮ ಕಪ್ಪಿಟ್ಟಿತ್ತು. ಎಲ್ಲಿಗೆ ಹೊಂಟೀಯಪಾ ಅಂದೆ. "ಬಂದ್ ಆತಲ್ಲ ಕಾಕಾ, ಹೊಲಕ್ಕ ಕೂರಿಗಿ ಹೂಡಾಕ ಬಂದೀನಿ, ಹೆಸರು ಬಿತ್ತಿ, ಎಡಿ ಹೊಡದು, ಆಗಸ್ಟ್‌ನಾಗ ಮತ್ತ ಹೋಗ್ತೀನಿ" ಅಂದ. ಬಂದ್ ಇರೋದು ಚಲೋನ ಕೆಟ್ಟದ್ದ ಅಂತ ಕೇಳಿದೆ. ಒಂದು ಗಳಿಗಿ ಕಿಡಕಿ ಹೊರಗ ನೋಡಿ ಹೇಳಿದ, "ಆಗಸ್ಟ್ ಮೊದಲನೇ ಟ್ರಿಪ್ಪಿನಾಗ ಬಲೆ ಭಾರ ಇರ್ತೈತಿ ಕಾಕಾ. ದೀಪಾವಳಿ ಬರೋದ್ರೊಳಗ ಹಗುರ." ನಾನು ಎರಡು ತಾಸು ಪಾಠ ಮಾಡಿ ಹೇಳೋದನ್ನ ಅಂವ ಎರಡು ಮಾತಿನಾಗ ಹೇಳಿ ಕುಕನೂರು ಕ್ರಾಸಿಗೆ ಇಳಿದು ಹೋದ.

ಆ 61 ದಿನದ ಬಂದ್ ಯಾವ ಮೀನಿಗೆ ಹೊಂದ್ತೈತಿ? ಬೂತಾಯಿ, ಬಂಗುಡೆ ಅಂಥವಕ್ಕ. ಬೂತಾಯಿ ಒಂದು ವರ್ಷದೊಳಗ ತತ್ತಿ ಇಡ್ತೈತಿ, ಎರಡು ಎರಡೂವರಿ ವರ್ಷಕ್ಕ ಅದರ ಆಯುಷ್ಯ ಮುಗಿತೈತಿ. ಕೇರಳದಾಗ 2012ರಾಗ ಹೆಚ್ಚು ಕಡಿಮಿ ನಾಕು ಲಕ್ಷ ಟನ್ ಬೂತಾಯಿ ಬಂದಿತ್ತು, 2021ಕ್ಕ ಅದು 3,297 ಟನ್‌ಗೆ ಕುಸಿತು. ಎಲ್ಲಾರೂ ತಲಿಮ್ಯಾಲೆ ಕೈ ಹೊತ್ತು ಕುಂತ್ರು. ಆಮ್ಯಾಲೆ ಎರಡ ವರ್ಷದಾಗ, 2023ಕ್ಕ, ಮತ್ತ ಲಕ್ಷ ಟನ್ ದಾಟ್ತು. ಅದರಾಗ ನೀರಿನ ಬಿಸಿ, ಮಳಿ ಎಲ್ಲಾದರ ಪಾಲೂ ಐತಿ. ಆದ್ರ ಬೂತಾಯಿಗೆ ಅವಕಾಶ ಕೊಟ್ರ ಎರಡು ವರ್ಷದಾಗ ಎದ್ದು ನಿಲ್ಲೋ ಶಕ್ತಿ ಐತಿ, ಸಜ್ಜಿ ಹೊಲ ಒಂದು ಮಳಿಗೆ ಚೇತರಿಸ್ಕೊಂಡಂಗ. ಆರೆಂಜ್ ರಫಿಗೆ ಆ ಶಕ್ತಿ ಇಲ್ಲ. ಅದು ಹುಣಸಿ ತೋಪು ಇದ್ದಂಗ, ಅಜ್ಜ ಹಚ್ಚಬೇಕು, ಮೊಮ್ಮಗ ಉಣ್ಣಬೇಕು. 61 ದಿನದ ಬಂದ್ ಅದಕ್ಕ ಲೆಕ್ಕಕ್ಕ ಬರಂಗಿಲ್ಲ.

ದೊಡ್ಡ ಬಂದ್ ಮಾಡಿದವ್ರದ್ದು ಏನಾತು ಅಂತ ನೋಡೋಣು. ಎಲ್ಲಾರೂ ಮೊದಲು ಹೇಳೋದು ಕೆನಡಾದ ಕಾಡ್ ಮೀನಿಂದು. ಅದು ನಾನು ಹೇಳಿದಷ್ಟು ಆಳದ ಮೀನಲ್ಲ, ಆದ್ರೂ ಆ ಪಾಠ ಬಿಡಾಕ ಆಗಂಗಿಲ್ಲ. ನ್ಯೂಫೌಂಡ್‌ಲ್ಯಾಂಡ್ ಹತ್ರ ನಾನ್ನೂರು ವರ್ಷದ ಮ್ಯಾಲೆ ಹಿಡಿತಾ ಬಂದ ಮೀನು, 1968ರಾಗ ಒಂದ ವರ್ಷಕ್ಕ ಎಂಟು ಲಕ್ಷ ಟನ್ ಎತ್ತಿದ್ರು. 1992ರ ಜುಲೈ 2ಕ್ಕ ಮಂತ್ರಿ ಜಾನ್ ಕ್ರಾಸ್ಬಿ ಬಂದ್ ಅಂದ್ರು, ಎರಡು ವರ್ಷಕ್ಕ ಅಂತ. ಮೂವತ್ತು ಸಾವಿರ ಮಂದಿ ಒಂದ ದಿನಕ್ಕ ಕೆಲಸ ಕಳ್ಕೊಂಡ್ರು. ವಾರಕ್ಕ 225 ಡಾಲರ್ ಕೊಡ್ತೀವಿ ಅಂದಾಗ ಮೀನುಗಾರರು ಸಿಟ್ಟಿಗೆದ್ದು ಪತ್ರಿಕಾಗೋಷ್ಠಿ ನಡಿಯೋ ಬಾಗಿಲು ಮುರಿಯಾಕ ಹೋದ್ರು, ಆಮ್ಯಾಲೆ ಹೆಚ್ಚು ಮಾಡಿದ್ರು. ಆ ಎರಡು ವರ್ಷದ ಬಂದ್ 32 ವರ್ಷ ನಡೀತು. 2024ರಾಗ ತೆರದ್ರು, ಅದೂ ಇಡೀ ವರ್ಷಕ್ಕ 18 ಸಾವಿರ ಟನ್ ಅಷ್ಟ. ಬಂದ್ ಮಾಡಿದ್ದು ತಪ್ಪಾಗಿರಲಿಲ್ರಿ. ಮೀನು ಮುಗಿದ ಮ್ಯಾಲೆ ಮಾಡಿದ್ದು ತಪ್ಪಾಗಿತ್ತು.

ಯುರೋಪಿನವ್ರದ್ದು ಬ್ಯಾರೆ ರೀತಿ. ಅವ್ರು ಆಳದ ಗೆರಿ ಎಳೆದ್ರು. 2013ರ ಡಿಸೆಂಬರ್‌ನಾಗ ಯುರೋಪಿಯನ್ ಸಂಸತ್ತಿನಾಗ ಆಳದ ಟ್ರಾಲ್ ನಿಲ್ಲಿಸೋ ಪ್ರಸ್ತಾಪ 326ಕ್ಕ 342 ಮತದಿಂದ ಬಿತ್ತು, ಬರೇ 16 ಮತ. 2015ರಾಗ ಒಂದು ಅಧ್ಯಯನ ಬಂತು, 600 ಮೀಟರ್ ದಾಟಿ ಕೆಳಗ ಇಳಿದಂಗ ಬಲೆಗೆ ಬೀಳೋ ಜಾತಿಗಳು ಹೆಚ್ತಾವ, ಸುಮ್ಮನ ಒಗಿಯೋ ಮೀನು ಹೆಚ್ತೈತಿ, ಆಳದ ಶಾರ್ಕ್ ಹೆಚ್ಚು ಸಾಯ್ತಾವ, ಆದ್ರ ಸಿಗೋ ದುಡ್ಡು ಮಾತ್ರ ಹೆಚ್ಚಂಗಿಲ್ಲ ಅಂತ. 2016ರಾಗ ಕಾನೂನು ಆತು, 800 ಮೀಟರ್ ಕೆಳಗ ತಳದ ಟ್ರಾಲ್ ಇಲ್ಲ. ವಿಜ್ಞಾನ 600 ಅಂದ್ರ ರಾಜಕೀಯ 800ಕ್ಕ ಒಪ್ಪಿತು. 2022ರಾಗ 400ರಿಂದ 800 ಮೀಟರ್ ನಡುವಿನ 87 ಜಾಗದಾಗ ತಳಕ್ಕ ಮುಟ್ಟೋ ಎಲ್ಲಾ ನಮೂನಿ ಬಲೆ, ಗಾಳ ನಿಲ್ಲಿಸಿದ್ರು, ಸ್ಪೇನ್ ಅದರ ವಿರುದ್ಧ ಕೋರ್ಟಿಗೆ ಹೋತು. ನನ್ನ ಅಭಿಪ್ರಾಯ ಕೇಳಿದ್ರ, ಇಲ್ಲಿತನಕ ಆದ ಬಂದ್‌ಗಳೊಳಗ ಈ ಆಳದ ಗೆರಿನ ಎಲ್ಲಾದ್ರಕಿಂತ ತಿಳುವಳಿಕಿದು. ಯಾವ ಮೀನು ಎಷ್ಟು ಉಳಿದೈತಿ ಅಂತ ಪ್ರತಿ ವರ್ಷ ಜಗಳ ಮಾಡೋದು ಬ್ಯಾಡ, ಗೆರಿ ಕೆಳಗ ಇಳಿಬ್ಯಾಡ್ರಿ, ಮುಗೀತು.

ಗೆರಿ ಎಳದ್ರ ಸಾಲಂಗಿಲ್ಲ, ಕಾಯಬೇಕು. ದಕ್ಷಿಣ ಧ್ರುವದ ಸುತ್ತ ಟೂತ್‌ಫಿಶ್ ಅಂತ ಒಂದು ಮೀನು, ಹೋಟೆಲಿನಾಗ ಚಿಲಿಯನ್ ಸೀ ಬಾಸ್ ಅಂತ ಭಾರಿ ರೇಟಿಗೆ ಮಾರ್ತಾರ. ಅದನ್ನ ಕದ್ದು ಹಿಡಿತಿದ್ದ ಥಂಡರ್ ಅನ್ನೋ ಹಡಗನ್ನ ಸೀ ಶೆಫರ್ಡ್ ಅನ್ನೋ ಸಂಸ್ಥೆಯ ಹಡಗು 110 ದಿನ ಬೆನ್ನು ಹತ್ತಿತು, ಧ್ರುವದ ಹಿಮದಿಂದ ಆಫ್ರಿಕಾದ ಪಶ್ಚಿಮದತನಕ. 2015ರ ಏಪ್ರಿಲ್‌ನಾಗ ಥಂಡರ್ ಮುಳುಗಿತು. ಸಾಕ್ಷಿ ಮುಚ್ಚಾಕ ಅವ್ರ ಮುಳುಗಿಸಿದ್ರು ಅನ್ನೋ ಅನುಮಾನ ಬಲವಾಗಿತ್ತು. ಅದರ ನಾವಿಕರನ್ನ ಬೆನ್ನು ಹತ್ತಿದವ್ರ ಎತ್ತಿ ಉಳಿಸಿದ್ರು.

ಈಗ ನಮ್ಮ 2011ಕ್ಕ ಬರ್ತೀನಿ. ನಮ್ಮ ಚಿಗವ್ವನ ಮಗ, ನನಗ ತಮ್ಮ ಆಗ್ಬೇಕು, ಸಾಲ ಮಾಡಿ ಎರಡು ಟಿಪ್ಪರ್ ತಂದಿದ್ದ. ಆದೇಶ ಬಂದ ಮ್ಯಾಲೆ ಮೊದಲ ತಿಂಗಳು ಟಿಪ್ಪರ್ ತೊಳದು, ಪೂಜಿ ಮಾಡಿ, ತಾಡಪಾಲು ಹೊಚ್ಚಿ ಮನಿ ಮುಂದ ನಿಲ್ಲಿಸಿದ. ಮೂರನೇ ತಿಂಗಳಿಗೆ ಬ್ಯಾಟರಿ ಮಾರಿದ. ಆಮ್ಯಾಲೆ ಟೈರು ಒಂದೊಂದ ಬಿಚ್ಚಿ ಮಾರಿದ, ಗಾಡಿ ಕಲ್ಲಿನ ಮ್ಯಾಲೆ ನಿಂತಿತು. ಕೊನಿಗೆ ಫೈನಾನ್ಸಿನವ್ರು ಬಂದು ಎಳ್ಕೊಂಡು ಹೋದ ದಿನ ಚಿಗವ್ವ ಬಾಗಿಲು ಹಾಕ್ಕೊಂಡು ಒಳಗ ಕುಂತಿದ್ಲು. ಆಗ ಸಂಡೂರು ಗುಡ್ಡ ಅಗದದ್ದು ಸರಿ ಅಂತ ನಾನು ಅಂದಿರಲಿಲ್ಲ, ಈಗಲೂ ಅನ್ನಂಗಿಲ್ಲ, ಕೋರ್ಟು ನಿಲ್ಲಿಸಿದ್ದ ಸರಿ. ಆದ್ರ ಗುಡ್ಡ ಅಗದು ಕೋಟಿ ಮಾಡಿದವ್ರು ಮತ್ತ ಟಿಪ್ಪರ್ ಹೊಡದು ಕಂತು ಕಟ್ಟಿದವ್ರು, ಇಬ್ರ ಮ್ಯಾಲೂ ಬಂದ್ ಒಂದ ರೀತಿ ಬೀಳಂಗಿಲ್ಲ. ಮುಂದ 2013ರ ಏಪ್ರಿಲ್‌ನಾಗ ಕೋರ್ಟು ಸಿ ವರ್ಗದ, ಅಂದ್ರ ಕಾನೂನು ಬಹಳ ಮುರಿದ, ಗಣಿ ರದ್ದು ಮಾಡಿ, ಉಳಿದವಕ್ಕ ಗುಡ್ಡ ಸರಿಪಡಿಸೋ ಯೋಜನಾ ಮಾಡ್ರಿ ಅಂತು, ಬಳ್ಳಾರಿಗೆ ವರ್ಷಕ್ಕ 25 ಮಿಲಿಯನ್ ಟನ್, ಚಿತ್ರದುರ್ಗ ತುಮಕೂರು ಸೇರಿ 5 ಅಂತ ಮಿತಿ ಹಾಕ್ತು. ಬಂದ್, ಆಮ್ಯಾಲೆ ಮಿತಿ. ಮೀನಿಗೂ ಇದ ಕ್ರಮ ಬೇಕು. ಆದ್ರ ಅದಿರು ಮರಿ ಹಾಕಂಗಿಲ್ಲ, ಮೀನು ಹಾಕ್ತೈತಿ, ಕಾದ್ರ ವಾಪಸ್ ಬರ್ತೈತಿ. ಕಾಯೋತನಕ ದುಡಿಯೋರ ಮನಿ ಒಲಿ ಉರಿಬೇಕು.

ಕರಾವಳಿಯ ಬಂದ್ ಕಾಲಕ್ಕ ಈಗ ಉಳಿತಾಯ ಪರಿಹಾರ ಯೋಜನಾ ಐತಿ, ಮೀನುಗಾರ ಒಂದಿಷ್ಟು ಕಟ್ಟಬೇಕು, ಸರ್ಕಾರ ಒಂದಿಷ್ಟು ಕೂಡಿಸ್ತೈತಿ, ಎಲ್ಲಾ ಸೇರಿ ಕೆಲವ ಸಾವಿರ ರೂಪಾಯಿ. ಇದರಾಗ ಒಂದು ಕುಟುಂಬ ಹೆಂಗ ನಡಿತೈತಿ ಅಂತ ಇಲ್ಲಿ ಕುಂತ ಅಕ್ಕ ತಂಗ್ಯಾರ ಹೇಳ್ಬೇಕು. ಇನ್ನ ಬೋಟಿನ ಮ್ಯಾಲೆ ದುಡಿಯೋ ನಮ್ಮ ಕುಷ್ಟಗಿ ಹುಡುಗನಂಥವ್ರ ಹೆಸರು ಅಲ್ಲಿಯ ಮೀನುಗಾರರ ಪಟ್ಟಿಯೊಳಗ ಎಲ್ಲಿಂದ ಬರ್ಬೇಕು? ಅಂವಗ ಹೊಲ ಇತ್ತು, ಬಂದ. ಹೊಲ ಇಲ್ಲದವ್ರು ಆ ಎರಡು ತಿಂಗಳು ಕಟ್ಟಡ ಕೆಲಸ ಹುಡ್ಕೊಂಡು ಬೆಂಗಳೂರಿಗೆ ಹೋಗ್ತಾರ.

ಭಾರತದ ಆಳದ ನೀರಿನಾಗ ಏನು ನಡದೈತಿ ಅಂತನೂ ಹೇಳಬೇಕು, ನ್ಯೂಜಿಲೆಂಡ್ ಕಥಿ ಕೇಳಿ ಮನಿಗೆ ಹೋದ್ರ ಅರ್ಧ ಆದಂಗ. 1999-2000ರ ಸುಮಾರಿಗೆ ಕೇರಳದ ಕೊಲ್ಲಂ ಟ್ರಾಲರ್‌ಗಳು ಇನ್ನೂರು ಮೀಟರ್ ದಾಟಿ ಕೆಂಪು ಸಿಗಡಿಗೆ ಬಲೆ ಇಳಿಸಾಕ ಹತ್ತಿದ್ವು, ದಂಡಿ ಸನೇಕ ಸಿಗಡಿ ಸಾಲದಂಗ ಆಗಿತ್ತು. ಕೊಚ್ಚಿಯ ಬಂದರಿಗೆ ಆಳದ ಗಲ್ಪರ್ ಶಾರ್ಕ್ ಬರ್ತಾವ, ಅವುಗಳ ಲಿವರ್ ಎಣ್ಣಿಗೆ ಬೇಡಿಕಿ. ಆ ಶಾರ್ಕ್‌ನಾಗ ಕೆಲವು ಜಾತಿ ಎರಡು ವರ್ಷದ ಹತ್ರ ಬಸಿರಿದ್ದು ಒಂದ ಮರಿ ಹಾಕ್ತಾವ, ನಮ್ಮ ಎಮ್ಮಿಗಿಂತ ನಿಧಾನ. ಬಾಜೂಕಿನ ಮಾಲ್ಡೀವ್ಸ್‌ನಾಗ 1980ರ ದಶಕದಿಂದ ಎಣ್ಣಿಗೆ ಇದನ್ನ ಹಿಡಿದು ಹಿಡಿದು ಮುಗಿಸಿ, ಕೊನಿಗೆ 2010ರಾಗ ಶಾರ್ಕ್ ಹಿಡಿಯೋದನ್ನ ಪೂರಾ ನಿಲ್ಲಿಸಿದ್ರು. 2024ರಾಗ ಬಂದ ಒಂದು ದೊಡ್ಡ ಅಧ್ಯಯನದ ಪ್ರಕಾರ ಆಳದ ಶಾರ್ಕ್ ಮತ್ತು ತೊರಕಿ ಜಾತಿಗಳೊಳಗ ಏಳಕ್ಕ ಒಂದು ಅಳಿವಿನ ಅಂಚಿನ ಕಡೆ ಹೊಂಟಾವ.

ದಂಡಿಗೆ ಮೀನು ಕಡಿಮಿ ಆದಾಗೆಲ್ಲಾ ನಮ್ಮಲ್ಲಿ ಒಂದ ಉತ್ತರ ಬರ್ತೈತಿ, ಆಳಕ್ಕ ಹೋಗ್ರಿ ಅಂತ. ಟ್ಯೂನಾದಂಥ ಮ್ಯಾಲಿನ ನೀರಾಗ ಓಡಾಡೋ ಮೀನಿಗೆ ದೂರ ಹೋದ್ರ ನನ್ನ ತಕರಾರಿಲ್ಲ, ಅದು ಬೇಗ ಬೆಳಿತೈತಿ. ತಳಕ್ಕ ಬಲೆ ಇಳಿಸಾಕ ಹೋದ್ರ ತಕರಾರು ಐತಿ. ಕೇಂದ್ರ ಸರ್ಕಾರ 2017ರಾಗ ಜೋಡಿ ಬೋಟಿನ ಬುಲ್ ಟ್ರಾಲಿಂಗ್, ಎಲ್‌ಇಡಿ ಬೆಳಕು ಬಿಟ್ಟು ಹಿಡಿಯೋದು ನಿಲ್ಲಿಸ್ತು, 2025ರ ನವೆಂಬರ್‌ನಾಗ ತಂದ ಹೊಸ ನಿಯಮದಾಗೂ ಅದನ್ನ ಗಟ್ಟಿ ಮಾಡೈತಿ. ಚಲೋ ಆತು. ಅದರ ಜೊತಿಗೆ ಆಳದ ಒಂದು ಗೆರಿ ಈಗಿಂದೀಗ ಬೇಕು ಅನ್ನೋದು ನನ್ನ ವಾದ. ದೊಡ್ಡ ಬೋಟುಗಳು ಆ ಆಳಕ್ಕ ಸಾಲ ಮಾಡಿ ಬಲೆ ಕೊಳ್ಳೋಕಿಂತ ಮೊದಲು. ಒಮ್ಮೆ ಸಾಲ ಬಿತ್ತಂದ್ರ ಗೆರಿ ಎಳಿಯಾಕ ಯಾವ ಸರ್ಕಾರಕ್ಕೂ ಧೈರ್ಯ ಬರಂಗಿಲ್ಲ, ಎಳದ್ರ ನಮ್ಮ ಚಿಗವ್ವನ ಮನಿ ಮುಂದ ಆದದ್ದ ಮಲ್ಪೆಯೊಳಗೂ ಆಗ್ತೈತಿ.

ಆರೆಂಜ್ ರಫಿ ಕಥಿ ಅರ್ಧಕ್ಕ ಬಿಟ್ಟಿದ್ದೆ. ನ್ಯೂಜಿಲೆಂಡಿನವ್ರು ಚಾಲೆಂಜರ್ ಅನ್ನೋ ಜಾಗವನ್ನ 2000ದಾಗ ಮುಚ್ಚಿ 2010ರಾಗ ತೆರದ್ರು. ಆಸ್ಟ್ರೇಲಿಯಾ 2006ರಾಗ ಇದನ್ನ ರಕ್ಷಣಾ ಪಟ್ಟಿಗೆ ಸೇರಿಸಿ ಬಹುತೇಕ ಎಲ್ಲಾ ಜಾಗ ಬಂದ್ ಮಾಡ್ತು, 2015ರಾಗ ಟಾಸ್ಮೇನಿಯಾದ ಪೂರ್ವದ ಭಾಗವನ್ನ ಸಣ್ಣ ಕೋಟಾ ಹಾಕಿ ತೆರೀತು. ಮೀನು ವಾಪಸ್ ಬಂದ್ವು, ಬಂದ್ ಗೆದ್ದಿತು ಅಂತ ಹಲವರು ಬರದ್ರು. ಮೀನು ಹೆಚ್ಚಾದದ್ದು ಖರೆ, ನನಗೂ ಖುಷಿ ಆತು. ಆದ್ರ ವಯಸ್ಸಿನ ಲೆಕ್ಕ ಹಾಕಿ ನೋಡ್ರಿ. 2015ರಾಗ ಗುಡ್ಡಕ್ಕ ಮೊದಲ ಸಲ ತತ್ತಿ ಇಡಾಕ ಬಂದ ಮೂವತ್ತು ವರ್ಷದ ಮೀನು ಹುಟ್ಟಿದ್ದು 1985ರಾಗ. ಅಂದ್ರ ಆ ಗುಡ್ಡಕ್ಕ ಬಲೆ ಬೀಳೋಕಿಂತ ಮೊದಲು, ಅದರ ತಾಯಿ ತಂದಿ ಇನ್ನೂ ಪೂರ್ತಿ ಗುಂಪಿನಾಗ ಇದ್ದಾಗ. ಬಲೆ ಬಿದ್ದು ಗುಂಪು ಕರಗಿದ ಮ್ಯಾಲೆ, ಉಳಿದ ಸ್ವಲ್ಪ ಮೀನು ಇಟ್ಟ ತತ್ತಿಯಿಂದ ಹುಟ್ಟಿದ್ದು ಎಷ್ಟು, ಉಳಿದದ್ದು ಎಷ್ಟು ಅನ್ನೋದು ಈ ಹತ್ತು ವರ್ಷದಾಗ ತಿಳಿಬೇಕು, ಈಗ ಅವು ಒಂದೊಂದ ವಯಸ್ಸಿಗೆ ಬರಾಕ ಹತ್ಯಾವ.

ಬಂದ್ ಮಾಡಿದ 2006ನೇ ಇಸ್ವಿಯೊಳಗ ಹುಟ್ಟಿದ ಮರಿ ಈಗ ಆ ಕತ್ತಲಿನ ನೀರಾಗ ಎಲ್ಲೋ ಐತಿ, ಇನ್ನೂ ಒಂದು ಗೇಣೂ ಆಗಿರಲಿಕ್ಕಿಲ್ಲ. ಅದು ಸೇಂಟ್ ಹೆಲೆನ್ಸ್ ಗುಡ್ಡಕ್ಕ ಮೊದಲ ಸಲ ತತ್ತಿ ಇಡಾಕ ಬರೋದು 2036ರ ಸುಮಾರಿಗೆ. ಈ ಹಾಲಿನಾಗ ಕುಂತ ಹುಡುಗ್ರೊಳಗ ಹಲವರು ಅದ ವರ್ಷ ಹುಟ್ಟಿದವ್ರು ಅದೀರಿ. ಅವಾಗ ನಿಮಗೂ ಮೂವತ್ತು ಆಗಿರ್ತೈತಿ.

ಕಲ್ಲಿನ ಡಬ್ಬಿ ಕೊನೀ ಸಾಲಿಗೆ ಮುಟ್ಟಿತೇನ್ರಿ? ನೋಡಿ ಮುಂದ ಕಳಿಸ್ರಿ. ಪ್ರಶ್ನಿ ಇದ್ದವ್ರು ಕೈ ಎತ್ರಿ.